ಟೆಸ್ಟೋಸ್ಟಿರಾನ್: ಜೆಲ್ ಹಚ್ಚಿಕೊಳ್ಳುವುದೋ, ಇಂಜೆಕ್ಷನ್ ತೆಗೆದುಕೊಳ್ಳುವುದೋ

ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟಿರಾನ್‌ನ ಚಿಕಿತ್ಸೆ ಆರಂಭಿಸಬೇಕೆಂದಿರುವ ಟ್ರಾನ್ಸ್ ಪುರುಷರು, ಅಂದರೆ ಹುಟ್ಟಿದಾಗ ಹೆಣ್ಣೆಂದು ಗುರುತಿಸಲಾಗಿದ್ದು ಗಂಡಾಗಿ ಬಾಳುವವರು, ನನ್ನನ್ನು ಸಂಪರ್ಕಿಸಿದಾಗ ಹೆಚ್ಚಿನವರು ಮೊದಲು ಕೇಳುವ ಪ್ರಶ್ನೆ ಒಂದೇ: ಜೆಲ್ ಹಚ್ಚಿಕೊಂಡರೆ ಗಡ್ಡ ಬರುವುದಿಲ್ಲವಂತೆ, ದನಿ ಒಡೆಯುವುದಿಲ್ಲವಂತೆ, ಇಂಜೆಕ್ಷನ್ನೇ ಬಲವಾದದ್ದಂತೆ, ಹೌದೇ? ವಿಜಯಪುರ, ಬಾಗಲಕೋಟೆಗಳ ಕಡೆ ಈ ಮಾತು ಎಷ್ಟು ಬೇರೂರಿದೆಯೆಂದರೆ, ಜೆಲ್ ಬರೆದುಕೊಟ್ಟ ವೈದ್ಯರ ಮೇಲೆಯೇ ಅನುಮಾನಪಟ್ಟು ಚೀಟಿಯನ್ನು ಮಡಚಿಟ್ಟವರನ್ನು ನಾನು ಬಲ್ಲೆ. ನಾನು ವೈದ್ಯನಲ್ಲ. ವಿಜಯಪುರದಲ್ಲಿ ಅವ್ವ, ಅಪ್ಪ, ಅಣ್ಣನ ಸಂಸಾರದೊಂದಿಗೆ ಒಂದೇ ಮನೆಯಲ್ಲಿ ಇರುವ, ಕೆಲವು ವರ್ಷಗಳಿಂದ ಹಾರ್ಮೋನ್ ತಜ್ಞರ ನಿಗಾದಲ್ಲಿ ಟೆಸ್ಟೋಸ್ಟಿರಾನ್ ತೆಗೆದುಕೊಳ್ಳುತ್ತಿರುವ ಒಬ್ಬ ಟ್ರಾನ್ಸ್ ಪುರುಷ. ಔಷಧದ ಬಲಾಬಲವನ್ನು ನೋಡಿ ಆರಿಸುವುದಕ್ಕಿಂತ ನಮ್ಮ ಮನೆಯಲ್ಲಿ ಯಾರಿದ್ದಾರೆ, ನಮ್ಮ ದುಡಿಮೆ ಎಂಥದ್ದು, ನಮ್ಮ ರಕ್ತದ ವರದಿ ಏನು ಹೇಳುತ್ತದೆ ಎಂಬುದನ್ನು ನೋಡಿ ಆರಿಸುವುದು ಸರಿ ಎಂದು ನನಗೆ ಗಟ್ಟಿಯಾಗಿ ಅನ್ನಿಸಿದೆ. ಹಾಗೆ ಅನ್ನಿಸಿದ್ದೇಕೆ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ.

ಬಲಾಬಲದ ಲೆಕ್ಕವನ್ನೇ ಮೊದಲು ನೋಡೋಣ. ನಮ್ಮಲ್ಲಿ ಸಿಗುವ ಶೇಕಡಾ 1ರ ಜೆಲ್ 5 ಗ್ರಾಂನ ಸ್ಯಾಶೆಗಳಲ್ಲಿ ಬರುತ್ತದೆ, ಒಂದು ಸ್ಯಾಶೆಯಲ್ಲಿ 50 ಮಿಲಿಗ್ರಾಂ ಟೆಸ್ಟೋಸ್ಟಿರಾನ್ ಇರುತ್ತದೆ. ಆದರೆ ಹಚ್ಚಿದ್ದೆಲ್ಲ ಒಳಗೆ ಹೋಗುವುದಿಲ್ಲ. ಚರ್ಮದ ಮೂಲಕ ರಕ್ತಕ್ಕೆ ಸೇರುವುದು ಸುಮಾರು ಹತ್ತನೇ ಒಂದು ಪಾಲು, ಅಂದರೆ ದಿನಕ್ಕೆ ಹೆಚ್ಚುಕಡಿಮೆ 5 ಮಿಲಿಗ್ರಾಂ. ಇನ್ನು ಇಂಜೆಕ್ಷನ್. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಟೆಸ್ಟೋಸ್ಟಿರಾನ್ ಎನಾಂಥೇಟ್. ಅದರ ತೂಕದಲ್ಲಿ ಸುಮಾರು ಶೇಕಡಾ 72ರಷ್ಟು ಮಾತ್ರ ಟೆಸ್ಟೋಸ್ಟಿರಾನ್, ಉಳಿದದ್ದು ಅದನ್ನು ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡುವ ಆಮ್ಲದ ಭಾಗ. ಅಮೆರಿಕದ ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿ ಟ್ರಾನ್ಸ್ ಪುರುಷರಿಗೆ ಹೇಳುವ ಪ್ರಮಾಣ ಎರಡು ವಾರಕ್ಕೊಮ್ಮೆ 100ರಿಂದ 200 ಮಿಲಿಗ್ರಾಂ ಎನಾಂಥೇಟ್, ಅಥವಾ ದಿನಕ್ಕೆ 50ರಿಂದ 100 ಮಿಲಿಗ್ರಾಂ ಟೆಸ್ಟೋಸ್ಟಿರಾನ್ ಇರುವಷ್ಟು ಜೆಲ್. ಈಗ ಎರಡು ವಾರಕ್ಕೆ ಗುಣಿಸಿ ನೋಡಿ: ಇಂಜೆಕ್ಷನ್‌ನಿಂದ ದೇಹಕ್ಕೆ ಸಿಗುವ ಟೆಸ್ಟೋಸ್ಟಿರಾನ್ 72ರಿಂದ 144 ಮಿಲಿಗ್ರಾಂ, ಜೆಲ್‌ನಿಂದ ಸಿಗುವುದು ಸುಮಾರು 70ರಿಂದ 140 ಮಿಲಿಗ್ರಾಂ. ಈ ಲೆಕ್ಕವನ್ನು ಮೊದಲ ಸಲ ಕಾಗದದ ಮೇಲೆ ಮಾಡಿದಾಗ ಎರಡೂ ಇಷ್ಟು ಹತ್ತಿರ ಬಂದದ್ದನ್ನು ಕಂಡು ನನಗೇ ಆಶ್ಚರ್ಯವಾಯಿತು. ಒಳಗೆ ಹೋಗುವ ಅಣುವೂ ಒಂದೇ, ಹೋಗುವ ಪ್ರಮಾಣವೂ ಹೆಚ್ಚುಕಡಿಮೆ ಒಂದೇ. ಒಬ್ಬೊಬ್ಬರ ಚರ್ಮ ಹೀರಿಕೊಳ್ಳುವುದರಲ್ಲಿ ವ್ಯತ್ಯಾಸವಿರುವುದರಿಂದ ಕೆಲವರಿಗೆ ಒಂದು ಸ್ಯಾಶೆ ಸಾಲದು ಎಂಬುದು ನಿಜ. ಅದನ್ನು ರಕ್ತಪರೀಕ್ಷೆಯಿಂದ ತಿಳಿದು ವೈದ್ಯರು ಪ್ರಮಾಣವನ್ನು ಏರಿಸುತ್ತಾರೆ.

ವ್ಯತ್ಯಾಸವಿರುವುದು ಔಷಧ ರಕ್ತಕ್ಕೆ ಬರುವ ಲಯದಲ್ಲಿ. ಎನಾಂಥೇಟ್ ಚುಚ್ಚಿಸಿಕೊಂಡ ಒಂದೆರಡು ದಿನಗಳಲ್ಲಿ ರಕ್ತದ ಮಟ್ಟ ತುದಿಗೇರಿ, ಅಲ್ಲಿಂದ ದಿನದಿನಕ್ಕೆ ಇಳಿಯುತ್ತ, ಮುಂದಿನ ಇಂಜೆಕ್ಷನ್ ಹೊತ್ತಿಗೆ ತಳ ಮುಟ್ಟುತ್ತದೆ. ಈ ಏರಿಳಿತ ಕೆಲವರಿಗೆ ಗೊತ್ತೇ ಆಗುವುದಿಲ್ಲ. ನನಗೆ ಚೆನ್ನಾಗಿಯೇ ಗೊತ್ತಾಗುತ್ತಿತ್ತು. ಎರಡನೆಯ ವಾರದ ಕೊನೆಯಲ್ಲಿ ಕಾರಣವಿಲ್ಲದ ದಣಿವು, ಸಣ್ಣ ಮಾತಿಗೂ ಸಿಡಿಮಿಡಿ, ರಾತ್ರಿ ಸರಿಯಾಗಿ ಬಾರದ ನಿದ್ದೆ. ಇಂಜೆಕ್ಷನ್ ಆದ ಮರುದಿನ ಮತ್ತೆ ಎಲ್ಲ ಸರಿ. ನನ್ನ ತಾರೀಖು ಹತ್ತಿರ ಬಂದದ್ದನ್ನು ನನಗಿಂತ ಮೊದಲು ಅವ್ವ ಗುರುತಿಸುತ್ತಿದ್ದಳು. ವೈದ್ಯರಿಗೆ ಹೇಳಿದಾಗ ಅವರು ಒಟ್ಟು ಪ್ರಮಾಣವನ್ನು ಮುಟ್ಟದೆ, ಅದನ್ನೇ ಎರಡು ಪಾಲು ಮಾಡಿ, ವಾರಕ್ಕೊಮ್ಮೆ ಅರ್ಧ ಪ್ರಮಾಣವನ್ನು ಚರ್ಮದಡಿಗೆ ತೆಗೆದುಕೊಳ್ಳುವಂತೆ ಬದಲಿಸಿದರು. ಹೊಟ್ಟೆಯ ಅಥವಾ ತೊಡೆಯ ಕೊಬ್ಬಿಗೆ ಸಣ್ಣ ಸೂಜಿಯಿಂದ ಕೊಡುವ ಈ ವಿಧಾನವೂ ಅದೇ ಮಾರ್ಗಸೂಚಿಯಲ್ಲಿದೆ. ಏರಿಳಿತದ ತೊಂದರೆಗೆ ಜೆಲ್ ಒಂದೇ ಪರಿಹಾರವೆಂದು ತಿಳಿದವರಿಗೆ ಈ ನಡುವಿನ ದಾರಿ ಗೊತ್ತಿರಲೆಂದು ಇಷ್ಟು ಬರೆದೆ. ಜೆಲ್‌ನಲ್ಲಿ ಮಾತ್ರ, ದಿನವೂ ಒಂದೇ ಹೊತ್ತಿಗೆ ತಪ್ಪದೆ ಹಚ್ಚಿಕೊಂಡರೆ, ಮಟ್ಟ ಬಹುಮಟ್ಟಿಗೆ ಸಮನಾಗಿ ನಿಲ್ಲುತ್ತದೆ. 'ತಪ್ಪದೆ' ಎಂಬ ಶರತ್ತು ಸಣ್ಣದಲ್ಲ. ಹಬ್ಬ, ಜಾತ್ರೆ, ಬೀಗರ ಮನೆಯ ಮದುವೆ ಎಂದು ತಿರುಗಾಡುವ ದಿನಗಳಲ್ಲೂ ಸ್ಯಾಶೆ ಜೊತೆಗಿರಬೇಕು ಮತ್ತು ಅದನ್ನು ಹಚ್ಚಿಕೊಳ್ಳಲು ಬಾಗಿಲು ಹಾಕಿಕೊಳ್ಳುವಂತಹ ಒಂದು ಕೋಣೆ ಸಿಗಬೇಕು.

ಮೂರನೆಯದೊಂದು ಆಯ್ಕೆಯನ್ನು ಇಲ್ಲಿಯೇ ಹೇಳಿ ಮುಂದೆ ಹೋಗುತ್ತೇನೆ. ಟೆಸ್ಟೋಸ್ಟಿರಾನ್ ಅಂಡೆಕನೋಯೇಟ್ ಎಂಬುದು 1000 ಮಿಲಿಗ್ರಾಂನ ದೀರ್ಘಾವಧಿ ಇಂಜೆಕ್ಷನ್. ಮೊದಲನೆಯದಾದ 6 ವಾರಕ್ಕೆ ಎರಡನೆಯದು, ಅನಂತರ ಸುಮಾರು 12 ವಾರಕ್ಕೊಂದು. ಔಡಲೆಣ್ಣೆಯಲ್ಲಿ ಕರಗಿಸಿದ 4 ಮಿಲಿಲೀಟರ್ ಔಷಧವನ್ನು ಆಸ್ಪತ್ರೆಯಲ್ಲಿಯೇ, ಪೃಷ್ಠದ ಸ್ನಾಯುವಿಗೆ ಬಹಳ ನಿಧಾನವಾಗಿ ಕೊಡಬೇಕು. ಅಪರೂಪಕ್ಕೆ ಎಣ್ಣೆಯ ಕಣಗಳು ಶ್ವಾಸಕೋಶದ ರಕ್ತನಾಳಗಳಿಗೆ ಸೇರಿ ಕೆಮ್ಮು, ಉಸಿರುಕಟ್ಟು ಬರಬಹುದಾದ್ದರಿಂದ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕು. ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಸೂಜಿ ಎಂಬುದು ದೊಡ್ಡ ಅನುಕೂಲ. ಆದರೆ ಏನಾದರೂ ತೊಂದರೆ ಕಂಡರೆ ತಿಂಗಳುಗಟ್ಟಲೆ ಒಳಗಿರುವ ಔಷಧವನ್ನು ಹೊರತೆಗೆಯಲಾಗದು. ಆದ್ದರಿಂದ ಟೆಸ್ಟೋಸ್ಟಿರಾನ್ ದೇಹಕ್ಕೆ ಹೊಂದುತ್ತದೆಂದು ಬೇರೆ ರೂಪದಲ್ಲಿ ಮೊದಲು ತಿಳಿದುಕೊಂಡವರಿಗೆ ಇದು ಹೆಚ್ಚು ಸೂಕ್ತವೆಂದು ನನ್ನ ಅಭಿಪ್ರಾಯ.

ಇನ್ನು ಮನೆಯ ವಿಷಯ. ಜೆಲ್ ಕುರಿತು ನಮ್ಮ ಭಾಗದಲ್ಲಿ ಯಾರೂ ಸಾಕಷ್ಟು ಗಟ್ಟಿಯಾಗಿ ಹೇಳದಿರುವ ಮಾತೆಂದರೆ, ಅದು ಹಚ್ಚಿಕೊಂಡವನ ಮೈಯಲ್ಲಿಯೇ ಉಳಿಯುವುದಿಲ್ಲ. ಹೀರಿಕೊಳ್ಳದೆ ಚರ್ಮದ ಮೇಲೆ ಉಳಿದ ಔಷಧ, ಆ ಜಾಗವನ್ನು ಮುಟ್ಟಿದವರ ಚರ್ಮಕ್ಕೆ ಹತ್ತುತ್ತದೆ. ಹಚ್ಚಿದ್ದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೊರಗೇ ಉಳಿಯುತ್ತದೆಂಬುದನ್ನು ನೆನಪಿಟ್ಟುಕೊಂಡರೆ ಇದರ ಗಂಭೀರತೆ ತಿಳಿಯುತ್ತದೆ. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಜೆಲ್ ಬಳಸುವ ಗಂಡಸರ ಮನೆಯ ಮಕ್ಕಳಲ್ಲಿ ಎಳೆವಯಸ್ಸಿನಲ್ಲಿಯೇ ಗುಹ್ಯಭಾಗದ ಕೂದಲು, ಜನನಾಂಗದ ಹಿಗ್ಗುವಿಕೆ, ವಯಸ್ಸಿಗೆ ಮೀರಿದ ಮೂಳೆಯ ಬೆಳವಣಿಗೆ, ಸಿಡುಕು ಸ್ವಭಾವ ಕಾಣಿಸಿಕೊಂಡ ಪ್ರಕರಣಗಳನ್ನು ಗಮನಿಸಿ, ಔಷಧದ ಮಾಹಿತಿಪತ್ರದಲ್ಲಿ ಚೌಕಟ್ಟಿನೊಳಗೆ ಅಚ್ಚಾಗುವ ಅತ್ಯಂತ ಕಟುವಾದ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ಗರ್ಭಿಣಿಯರಿಗೆ ತಾಗಿದರೆ ಹೊಟ್ಟೆಯಲ್ಲಿರುವ ಹೆಣ್ಣು ಶಿಶುವಿನ ಬೆಳವಣಿಗೆಗೂ ಅಪಾಯ.

ಮಾಹಿತಿಪತ್ರವನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಬೇರೆ ಬಗೆಯ ಮನೆ. ನಮ್ಮ ಮನೆಗಳ ಮಾತು ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿದಾಗ ಇಡೀ ಮನೆಯವರು ಮಾಳಿಗೆಯ ಮೇಲೆ ಸಾಲಾಗಿ ಹಾಸಿಗೆ ಹಾಸಿಕೊಂಡು ಮಲಗುತ್ತೇವೆ. ಗಂಡಸರು ಬನಿಯನ್‌ನಲ್ಲಿಯೇ ಇರುತ್ತಾರೆ. ಮಗು ಯಾರ ಪಕ್ಕದಲ್ಲಿ ಮಲಗಿ ಯಾರ ಪಕ್ಕದಲ್ಲಿ ಏಳುತ್ತದೆಂದು ಹೇಳಲಾಗದು. ನನ್ನ ಅಣ್ಣನ ಮಗಳು ಊಟವಾದ ಕೂಡಲೇ ನನ್ನ ಹೆಗಲೇರುತ್ತಾಳೆ, ಅಲ್ಲಿಯೇ ಕೆನ್ನೆಯಿಟ್ಟು ನಿದ್ದೆ ಹೋಗುತ್ತಾಳೆ. ಜೆಲ್ ಹಚ್ಚಬೇಕಾದ ಜಾಗಗಳು ಯಾವುವು? ಹೆಗಲು, ಮೇಲ್ದೋಳು, ಕೆಲವರಿಗೆ ಹೊಟ್ಟೆ. ಅವಳ ಕೆನ್ನೆ ಬೀಳುವ ಜಾಗ ಸರಿಯಾಗಿ ಅದೇ. ಅದರ ಮೇಲೆ, ಕುಬಸ ಮಾಡಿಸಿಕೊಂಡು ಚೊಚ್ಚಲ ಹೆರಿಗೆಗೆ ತಂಗಿ ತವರಿಗೆ ಬಂದರೆ, ಗರ್ಭಿಣಿಯೂ ಮುಂದೆ ಹಸುಗೂಸೂ ಒಂದೇ ಸೂರಿನಡಿ ತಿಂಗಳುಗಟ್ಟಲೆ ಇರುತ್ತಾರೆ. ವೈದ್ಯರು ನನಗೆ ಎರಡೂ ಆಯ್ಕೆಗಳನ್ನು ವಿವರಿಸಿ, ಮನೆಗೆ ಹೋಗಿ ಯೋಚಿಸಿಕೊಂಡು ಬರಲು ಹೇಳಿದ್ದಾಗ, ನನಗೆ ಹೆಚ್ಚು ಯೋಚಿಸುವ ಅಗತ್ಯವೇ ಬೀಳಲಿಲ್ಲ.

ಹಾಗೆಂದು ಮಕ್ಕಳಿರುವ ಮನೆಯಲ್ಲಿ ಜೆಲ್ ಬಳಸಲೇಬಾರದೆಂದಲ್ಲ. ಬಳಸುವವರು ಶಿಸ್ತಿನಿಂದ ಬಳಸಬೇಕು. ಬೆಳಿಗ್ಗೆ ಸ್ನಾನವಾದ ಮೇಲೆ ಮೈ ಪೂರ್ತಿ ಒಣಗಿಸಿಕೊಂಡು ಹಚ್ಚಬೇಕು, ಕೂಡಲೇ ಎರಡೂ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು, ಜೆಲ್ ಆರಿದ ಮೇಲೆ ತೋಳು ಮುಚ್ಚುವ ಅಂಗಿ ಹಾಕಬೇಕು, ಮೊದಲ ಐದಾರು ಗಂಟೆ ಆ ಜಾಗಕ್ಕೆ ನೀರು ತಾಗಿಸಬಾರದು, ಸಂಜೆ ಮಗುವನ್ನು ಎತ್ತಿಕೊಳ್ಳುವ ಮುನ್ನ ಆ ಜಾಗವನ್ನು ಸಾಬೂನು ಹಚ್ಚಿ ತೊಳೆಯಬೇಕು. ಯಾರಿಗಾದರೂ ತಾಗಿದ್ದರೆ ಅವರ ಚರ್ಮವನ್ನೂ ತಡಮಾಡದೆ ಸಾಬೂನಿನಿಂದ ತೊಳೆಯಬೇಕು. ಖಾಲಿ ಸ್ಯಾಶೆಯಲ್ಲಿ ಔಷಧ ಅಂಟಿಕೊಂಡಿರುವುದರಿಂದ ಅದನ್ನು ಮಕ್ಕಳ ಕೈಗೆ ಸಿಗುವಲ್ಲಿ ಬಿಸಾಡಬಾರದು. ಜೆಲ್‌ನಲ್ಲಿ ಆಲ್ಕೋಹಾಲ್ ಇರುವುದರಿಂದ ಅದು ಆರುವವರೆಗೆ ಬೆಂಕಿ ಹತ್ತಿಕೊಳ್ಳಬಲ್ಲದು. ಸ್ನಾನ ಮುಗಿಸಿದವರು ನೇರವಾಗಿ ದೇವರ ಮನೆಗೆ ಹೋಗಿ ದೀಪ, ಊದಿನಕಡ್ಡಿ ಹಚ್ಚುವ ರೂಢಿ ನಮ್ಮದು. ಜೆಲ್ ಬಳಸುವವರು ಆ ಎರಡರ ನಡುವೆ ಸಾಕಷ್ಟು ಹೊತ್ತು ಬಿಡಲೇಬೇಕು. ಈ ಮಾತನ್ನು ನಾನು ಹೊಸಬರಿಗೆಲ್ಲ ತಪ್ಪದೆ ಹೇಳುತ್ತೇನೆ.

ಬಿಸಿಲಿನ ಪ್ರಶ್ನೆ ಇದಕ್ಕೇ ಹೊಂದಿಕೊಂಡಿದೆ. ಬೆಳಿಗ್ಗೆ ಆರಕ್ಕೇ ಹೊಲಕ್ಕೋ ಕಟ್ಟಡದ ಕೆಲಸಕ್ಕೋ ಹೋಗಿ ಎಂಟರ ಹೊತ್ತಿಗೆ ಬೆವರಿನಲ್ಲಿ ತೊಯ್ದುಹೋಗುವವರಿಗೆ ಐದಾರು ಗಂಟೆ ಒಣಗಿದ ಚರ್ಮ ಎಂಬುದು ಸಾಧ್ಯವಾಗದ ಮಾತು. ಮೇಲೆ ಎದೆ ಸಮತಟ್ಟಾಗಿ ಕಾಣಲೆಂದು ತೊಡುವ ಬಿಗಿಯಾದ ಬೈಂಡರ್ ಕಟ್ಟಿಕೊಂಡಿದ್ದರೆ ಅದರ ಪಟ್ಟಿಗಳು ಹೆಗಲ ಮೇಲೆಯೇ ಉಜ್ಜುತ್ತವೆ. ಆದ್ದರಿಂದ ಜೆಲ್ ಬಳಸುವವರು ಪಟ್ಟಿ ತಾಗದ ಮೇಲ್ದೋಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ರಾತ್ರಿ ಹಚ್ಚಿಕೊಂಡರಾಯಿತೆಂದರೆ ಮತ್ತೆ ಮಾಳಿಗೆಯ ಹಾಸಿಗೆಯ ಪ್ರಶ್ನೆ ಎದುರಾಗುತ್ತದೆ. ನಳದ ನೀರು ಕೆಲವು ದಿನಕ್ಕೊಮ್ಮೆ ಬರುವ ಓಣಿಗಳಲ್ಲಿ ಬೇಸಿಗೆಯಲ್ಲಿ ದಿನಕ್ಕೆರಡು ಸಲ ಮೈ ತೊಳೆಯುವುದೂ ಲೆಕ್ಕ ಹಾಕಬೇಕಾದ ಸಂಗತಿಯೇ. ನೆರಳಿನಲ್ಲಿ, ಕಚೇರಿಯಲ್ಲಿ, ಅಂಗಡಿಯಲ್ಲಿ ಕುಳಿತು ದುಡಿಯುವವರಿಗೆ ಇವು ಯಾವುವೂ ಅಡ್ಡಿಯಾಗಲಾರವು.

ಇಂಜೆಕ್ಷನ್‌ಗೂ ಬಿಸಿಲು ಬಾಧಕವೇ. ಈ ಔಷಧಗಳನ್ನು ಫ್ರಿಜ್‌ನಲ್ಲಿ ಇಡಬಾರದು, 30 ಡಿಗ್ರಿ ಮೀರಿದ ಶಾಖದಲ್ಲಿಯೂ ಇಡಬಾರದು. ಬೈಕಿನ ಡಿಕ್ಕಿಯಲ್ಲಿ, ತಗಡಿನ ಚಾವಣಿಯ ಕೋಣೆಯಲ್ಲಿ ಮರೆತಿಡುವಂತಿಲ್ಲ. ನಾನು ಮನೆಯ ಒಳಕೋಣೆಯ ಕಲ್ಲುಗೋಡೆಯ ಗೂಡಿನ ಕೆಳಗಿನ ಅಂಕಣದಲ್ಲಿ ಇಡುತ್ತೇನೆ, ಮಧ್ಯಾಹ್ನದಲ್ಲೂ ಅಲ್ಲಿ ತಣ್ಣಗಿರುತ್ತದೆ. ಔಷಧವೆಂದರೆ ತಿಳಿ ಹಳದಿ ಬಣ್ಣದ ಎಣ್ಣೆ, ಕುಸುಬಿ ಎಣ್ಣೆಯಷ್ಟು ಮಂದ. ಅದು ತುಂಬಿರುವ ಗಾಜಿನ ಆಂಪೂಲನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಬೆಚ್ಚಗಾಗಿಸಿದರೆ ಸಿರಿಂಜಿಗೆ ಸುಲಭವಾಗಿ ಏರುತ್ತದೆ. ದಪ್ಪ ಸೂಜಿಯಿಂದ ಎಳೆದುಕೊಂಡು, ಸೂಜಿ ಬದಲಿಸಿ, ಸಣ್ಣದರಿಂದ ಚುಚ್ಚಬೇಕು. ಎಳೆದುಕೊಳ್ಳುವುದಕ್ಕೇ ಒಂದೆರಡು ನಿಮಿಷ ಹಿಡಿಯುತ್ತದೆ, ಅವಸರ ಮಾಡಿದರೆ ಗಾಳಿಗುಳ್ಳೆ ತುಂಬುತ್ತದೆ. ಚುಚ್ಚುವಾಗಿನ ನೋವು ಅಷ್ಟಕ್ಕಷ್ಟೆ. ಆದರೆ ಎಣ್ಣೆಯನ್ನು ಬೇಗ ಒತ್ತಿದರೆ ಮರುದಿನ ಆ ಜಾಗ ಗಂಟು ಕಟ್ಟಿ ನೋಯುತ್ತದೆ. ಪ್ರತಿ ಸಲ ಎಡಬಲ ಬದಲಿಸುವುದು, ಬಳಸಿದ ಸೂಜಿಯನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿಟ್ಟು ಆಸ್ಪತ್ರೆಗೆ ಒಪ್ಪಿಸುವುದು ರೂಢಿಯಾಗಬೇಕು.

ಎಣ್ಣೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಸಸ್ಟಾನಾನ್ 250 ಎಂಬ, ನಾಲ್ಕು ಬಗೆಯ ಟೆಸ್ಟೋಸ್ಟಿರಾನ್ ಎಸ್ಟರ್‌ಗಳನ್ನು (ಎನಾಂಥೇಟ್‌ನಂತೆ ಆಮ್ಲದ ಭಾಗ ಸೇರಿದ ರೂಪಗಳನ್ನು) ಬೆರೆಸಿದ ಇಂಜೆಕ್ಷನ್ ಶೇಂಗಾ ಎಣ್ಣೆಯಲ್ಲಿ ತಯಾರಾಗುತ್ತದೆ. ರೊಟ್ಟಿಯ ಜೊತೆ ಶೇಂಗಾ ಹಿಂಡಿ ಇಲ್ಲದೆ ಊಟವೇ ಸಾಗದ ನಮ್ಮ ಸೀಮೆಯಲ್ಲಿ ಶೇಂಗಾ ಅಲರ್ಜಿ ಇರುವವರಿಗೆ ಅದು ಚಿಕ್ಕಂದಿನಲ್ಲಿಯೇ ಗೊತ್ತಾಗಿರುತ್ತದೆ. ಅಂಥವರು ಈ ಔಷಧವನ್ನು ತೆಗೆದುಕೊಳ್ಳುವಂತಿಲ್ಲ, ವೈದ್ಯರು ಕೇಳದಿದ್ದರೂ ತಾವಾಗಿಯೇ ಹೇಳಬೇಕು.

ಇಂಜೆಕ್ಷನ್ ಯಾರು ಕೊಡುತ್ತಾರೆ ಎಂಬುದು ದೊಡ್ಡ ಊರಿನವರಿಗೆ ಪ್ರಶ್ನೆಯೇ ಅಲ್ಲ, ಹಳ್ಳಿಯವರಿಗೆ ಅದೇ ಮೊದಲ ಪ್ರಶ್ನೆ. ಸಿಂದಗಿಯಿಂದಲೋ ಹುನಗುಂದದಿಂದಲೋ ಕೇಳುವ ಹುಡುಗ ಓಣಿಯ ಕಂಪೌಂಡರ್ ಬಳಿ ಆಂಪೂಲು ಹಿಡಿದುಕೊಂಡು ಹೋದರೆ, ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿರುತ್ತದೆ. ಗಂಡಾಗಿ ಹುಟ್ಟಿ ಹೆಣ್ಣುಡುಗೆಯಲ್ಲಿ ದೇವಿಯ ಸೇವೆ ಮಾಡುವ, ಸವದತ್ತಿ ಯಲ್ಲಮ್ಮನ ಜೋಗಪ್ಪಂದಿರನ್ನು ನಮ್ಮ ಜನ ತಲೆಮಾರುಗಳಿಂದ ಬಲ್ಲರು, ಅವರಿಗೆ ಒಂದು ಹೆಸರೂ ಜಾತ್ರೆಯಲ್ಲಿ ಒಂದು ಸ್ಥಾನವೂ ಇದೆ. ಹೆಣ್ಣೆಂದು ಬೆಳೆಸಿದ ಮಗು ಗಂಡಾಗಿ ಬಾಳುವುದಕ್ಕೆ ಅಂಥ ಪರಿಚಿತ ದಾರಿಯಿಲ್ಲ. ಆದ್ದರಿಂದ ಗೌಪ್ಯತೆ ನಮ್ಮಲ್ಲಿ ಔಷಧದ ಆಯ್ಕೆಯ ಭಾಗವೇ ಆಗಿಬಿಟ್ಟಿದೆ. ಮನೆಯವರಿಗೆ ಇನ್ನೂ ಹೇಳಿಲ್ಲದವರಿಗೆ ದಿನವೂ ಬಿಚ್ಚಬೇಕಾದ ಸ್ಯಾಶೆಯನ್ನು ಮುಚ್ಚಿಡುವುದು ಕಷ್ಟವೋ, ವಾರಕ್ಕೊಮ್ಮೆ ಹತ್ತಿರದ ಪಟ್ಟಣಕ್ಕೆ ಹೋಗಿ ಚುಚ್ಚಿಸಿಕೊಂಡು ಬರುವುದು ಕಷ್ಟವೋ ಎಂಬುದನ್ನು ಅವರವರೇ ತೂಗಿ ನೋಡಬೇಕು. ಸ್ವತಃ ಚುಚ್ಚಿಕೊಳ್ಳುವುದನ್ನು ನರ್ಸ್ ಒಬ್ಬರಿಂದ ಸರಿಯಾಗಿ ಕಲಿತುಬಿಟ್ಟರೆ ಈ ತೊಡಕಿನ ಬಹುಪಾಲು ಬಿಡುತ್ತದೆ. ಚರ್ಮದಡಿಯ ಇಂಜೆಕ್ಷನ್ ಅದಕ್ಕೆ ಹೆಚ್ಚು ಅನುಕೂಲವಾದದ್ದು.

ರಕ್ತದ ವರದಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಜೆಲ್ಲೋ ಇಂಜೆಕ್ಷನ್ನೋ ಎಂಬುದನ್ನು ಕೊನೆಗೆ ಅದೇ ತೀರ್ಮಾನಿಸುವ ಸಂದರ್ಭಗಳಿವೆ. ಟೆಸ್ಟೋಸ್ಟಿರಾನ್ ಕೆಂಪು ರಕ್ತಕಣಗಳ ಉತ್ಪತ್ತಿಯನ್ನು ಹೆಚ್ಚಿಸುತ್ತದೆ. ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇಕಡಾ 54 ದಾಟಿದರೆ ರಕ್ತ ಮಂದವಾಗಿ ಹೆಪ್ಪುಗಟ್ಟುವ ಅಪಾಯವಿರುತ್ತದೆ. ಈ ಏರಿಕೆ ಜೆಲ್‌ಗಿಂತ ಎನಾಂಥೇಟ್‌ನಂತಹ ಅಲ್ಪಾವಧಿಯ ಇಂಜೆಕ್ಷನ್‌ಗಳಲ್ಲಿ ಹೆಚ್ಚು ಕಾಣುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ, ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ ಇರುವವರಲ್ಲಿ ಇನ್ನೂ ಹೆಚ್ಚು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ ಈ ಪರೀಕ್ಷೆ ಆಗಬೇಕು. ವರದಿಯನ್ನು ಓದುವಾಗ ಒಂದು ಎಚ್ಚರಿಕೆ ಬೇಕು. ಗುರುತಿನ ಚೀಟಿಯಲ್ಲಿ 'ಸ್ತ್ರೀ' ಎಂದಿರುವವರಿಗೆ ಲ್ಯಾಬ್‌ನ ಕಂಪ್ಯೂಟರ್ ಹೆಂಗಸರ ಮಿತಿಯನ್ನೇ ಪಕ್ಕದಲ್ಲಿ ಅಚ್ಚು ಹಾಕುತ್ತದೆ. ಹಿಮೋಗ್ಲೋಬಿನ್ 15.8 ಇದ್ದರೆ ಅದು ಗಂಡಸರ ಮಿತಿಯೊಳಗೇ ಇದ್ದರೂ ಕಾಗದದ ಮೇಲೆ ದಪ್ಪಕ್ಷರದಲ್ಲಿ ಹೆಚ್ಚೆಂದು ಬರುತ್ತದೆ. ಅದನ್ನು ನೋಡಿ ಗಾಬರಿಯಾಗಿ ಔಷಧ ನಿಲ್ಲಿಸಿದವರಿದ್ದಾರೆ. ಟೆಸ್ಟೋಸ್ಟಿರಾನ್ ತೆಗೆದುಕೊಳ್ಳುತ್ತಿರುವವರ ಹಿಮೋಗ್ಲೋಬಿನ್ನನ್ನೂ ಹೆಮಟೋಕ್ರಿಟ್ಟನ್ನೂ ಗಂಡಸರ ಮಿತಿಯೊಂದಿಗೆ ಹೋಲಿಸಿ ನೋಡಬೇಕು.

ಟೆಸ್ಟೋಸ್ಟಿರಾನ್ ಮಟ್ಟವನ್ನು ಅಳೆಯಿಸುವ ಹೊತ್ತೂ ಔಷಧಕ್ಕೆ ತಕ್ಕಂತೆ ಬೇರೆ ಬೇರೆ. ಎನಾಂಥೇಟ್ ಆದರೆ ಎರಡು ಇಂಜೆಕ್ಷನ್‌ಗಳ ನಟ್ಟನಡುವೆ, ಅಂಡೆಕನೋಯೇಟ್ ಆದರೆ ಮುಂದಿನದು ಬೀಳುವ ಮುನ್ನ, ಜೆಲ್ ಆದರೆ ಕನಿಷ್ಠ ಒಂದು ವಾರ ದಿನವೂ ಹಚ್ಚಿದ ಮೇಲೆ, ಹಚ್ಚಿ ಎರಡು ಗಂಟೆಯಾದರೂ ಕಳೆದ ಬಳಿಕ. ನಡುವಿನ ಮಟ್ಟ ಡೆಸಿಲೀಟರಿಗೆ 400ರಿಂದ 700 ನ್ಯಾನೋಗ್ರಾಂ ಇದ್ದರೆ ಸಾಕೆಂದು ಮಾರ್ಗಸೂಚಿ ಹೇಳುತ್ತದೆ. ಜೆಲ್ ಬಳಸುವವರು ಯಾವ ತೋಳಿಗೆ ಹಚ್ಚಿರುತ್ತಾರೋ ಅದೇ ತೋಳಿನಿಂದ ರಕ್ತ ತೆಗೆಸಿಕೊಂಡರೆ, ಚರ್ಮದ ಮೇಲಿನ ಔಷಧ ಸೂಜಿಗೆ ಅಂಟಿ ವರದಿಯಲ್ಲಿ ಇಲ್ಲದ ಎತ್ತರದ ಅಂಕಿ ಬರಬಹುದು. ಅದನ್ನು ನಂಬಿ ಪ್ರಮಾಣ ಇಳಿಸಿದರೆ ನಷ್ಟ ನಮಗೇ. ಆ ದಿನ ಹೊಟ್ಟೆಗೋ ಇನ್ನೊಂದು ತೋಳಿಗೋ ಹಚ್ಚಿಕೊಂಡು ಹೋಗಬೇಕು.

ಬದಲಾವಣೆಗಳ ವೇಗದ ಬಗ್ಗೆ ಎಲ್ಲರಿಗೂ ಕಾತರ. ಅದು ಸಹಜ, ನನಗೂ ಇತ್ತು. ಚರ್ಮ ಜಿಡ್ಡಾಗುವುದು, ಮೊಡವೆ ಏಳುವುದು, ಮುಟ್ಟು ನಿಲ್ಲುವುದು ಮೊದಲ ಆರು ತಿಂಗಳೊಳಗೆ ಕಾಣುವ ಬದಲಾವಣೆಗಳು. ದನಿ ಗಡುಸಾಗುವುದಕ್ಕೆ, ಮುಖದಲ್ಲಿ ಕೂದಲು ಮೂಡುವುದಕ್ಕೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳು. ಗಡ್ಡ ಪೂರ್ತಿ ತುಂಬಲು ನಾಲ್ಕೈದು ವರ್ಷವೇ ಬೇಕು. ರಕ್ತದ ಮಟ್ಟ ಒಂದೇ ಆಗಿದ್ದರೆ ಜೆಲ್‌ಗೂ ಇಂಜೆಕ್ಷನ್‌ಗೂ ವರ್ಷದ ಕೊನೆಯಲ್ಲಿ ದೊಡ್ಡ ವ್ಯತ್ಯಾಸ ಉಳಿಯುವುದಿಲ್ಲ. ಇಟಲಿಯ ವೈದ್ಯರು ಜೆಲ್, ಎನಾಂಥೇಟ್, ಅಂಡೆಕನೋಯೇಟ್ ಮೂರನ್ನೂ ಟ್ರಾನ್ಸ್ ಪುರುಷರಲ್ಲಿ ಹೋಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೂ ಒಟ್ಟಾರೆ ಇದನ್ನೇ ಕಂಡಿತು. ಜೆಲ್‌ನಲ್ಲಿ ಮುಟ್ಟು ನಿಲ್ಲುವುದು ಮಾತ್ರ ತಡವಾಗಬಹುದು. ಅದೊಂದೇ ಕಾರಣಕ್ಕೆ ಇಂಜೆಕ್ಷನ್ ಆರಿಸಿಕೊಂಡವರನ್ನು ನಾನು ಪೂರ್ತಿ ಅರ್ಥಮಾಡಿಕೊಳ್ಳಬಲ್ಲೆ, ಏಕೆಂದರೆ ತಿಂಗಳ ಆ ದಿನಗಳು ನಮ್ಮಲ್ಲಿ ಅನೇಕರಿಗೆ ಮೈಗಿಂತ ಮನಸ್ಸಿಗೆ ಕೊಡುವ ಹಿಂಸೆ ದೊಡ್ಡದು. ಗಡ್ಡ ಬೇಗ ಬರಲೆಂದು ಜೆಲ್ಲನ್ನು ಕೆನ್ನೆಗೆ ಹಚ್ಚುವುದು ಬೇಡ, ಮುಖ ಅದನ್ನು ಹಚ್ಚುವ ಜಾಗವಲ್ಲ. ಕಡಿಮೆ ಪ್ರಮಾಣದಿಂದ ನಿಧಾನವಾಗಿ ಸಾಗಬಯಸುವವರಿಗೆ ಜೆಲ್ ಅನುಕೂಲ, ದಿನದ ಪ್ರಮಾಣವನ್ನು ಸುಲಭವಾಗಿ ಹೆಚ್ಚುಕಡಿಮೆ ಮಾಡಬಹುದು, ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಮಟ್ಟ ಇಳಿಯುತ್ತದೆ. ಆದರೆ ಒಡೆದ ದನಿ, ಬಂದ ಗಡ್ಡ ಯಾವ ರೂಪದ ಔಷಧದಲ್ಲೂ ಹಿಂದಿರುಗುವಂಥವಲ್ಲ. ಹಾಗೆಯೇ ಎರಡರಲ್ಲಿ ಯಾವುದೂ ಗರ್ಭನಿರೋಧಕವಲ್ಲ. ಮುಟ್ಟು ನಿಂತ ಮೇಲೂ ಗರ್ಭಧಾರಣೆ ಆಗಬಹುದು, ಗರ್ಭಿಣಿಯಾಗಿರುವಾಗ ಟೆಸ್ಟೋಸ್ಟಿರಾನ್ ಕೂಡದು.

ಖರ್ಚಿನಲ್ಲಿ ಎನಾಂಥೇಟ್ ಅಗ್ಗ, ಜೆಲ್ ಅದರ ಹಲವು ಪಟ್ಟು. ಅಗ್ಗದ್ದು ಕೆಲವೊಮ್ಮೆ ವಾರಗಟ್ಟಲೆ ಅಂಗಡಿಗಳಲ್ಲಿ ಸಿಗದಂತಾಗುತ್ತದೆ, ಆದ್ದರಿಂದ ಮುಂದಿನದನ್ನು ಮುಂಚೆಯೇ ತಂದಿಟ್ಟುಕೊಳ್ಳಬೇಕು. ಸಿಗಲಿಲ್ಲವೆಂದು ಜಿಮ್‌ಗಳಲ್ಲಿ ಕೈಬದಲಾಗುವ ವಯಲ್‌ಗಳ ಮೊರೆ ಹೋಗುವುದು ಮಾತ್ರ ಬೇಡವೇ ಬೇಡ, ಅದರೊಳಗೆ ಏನಿದೆಯೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ವಿಜಯಪುರ, ಬಾಗಲಕೋಟೆ ಸೈಕ್ಲಿಸ್ಟ್‌ಗಳ ನಾಡಾದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ಸ್ಪರ್ಧೆಗಳಲ್ಲಿ ಭಾಗವಹಿಸುವ ಟ್ರಾನ್ಸ್ ಯುವಕರಿಗೆ ಜೆಲ್ ಆದರೂ ಇಂಜೆಕ್ಷನ್ ಆದರೂ ಟೆಸ್ಟೋಸ್ಟಿರಾನ್ ನಿಷೇಧಿತ ಪಟ್ಟಿಯಲ್ಲಿರುವ ಔಷಧ. ಚಿಕಿತ್ಸೆಗಾಗಿ ಬಳಸಲು ಮೊದಲೇ ವಿಧಿವತ್ತಾಗಿ ಅನುಮತಿ ಪಡೆಯಬೇಕು.

ಹಾರ್ಮೋನ್ ತಜ್ಞರಿಗಾಗಿ ನಾವು ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬೇಕಾಗುವುದು ಇಂದಿಗೂ ತಪ್ಪಿಲ್ಲ. 2019ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣಾ ಕಾಯ್ದೆಯ 15ನೇ ಕಲಂ ಹಾರ್ಮೋನ್ ಚಿಕಿತ್ಸೆಯನ್ನೂ ಅದರ ಹಿಂದುಮುಂದಿನ ಆಪ್ತಸಮಾಲೋಚನೆಯನ್ನೂ ಒದಗಿಸುವುದು ಸರ್ಕಾರದ ಹೊಣೆ ಎಂದಿತು. ಆ ಹೊಣೆ ಜಿಲ್ಲಾ ಆಸ್ಪತ್ರೆಯ ಔಷಧದ ಕಿಟಕಿಯವರೆಗೆ ಬರಬೇಕು, ಬಂದೇ ತೀರಬೇಕು. ಅಲ್ಲಿಯವರೆಗೆ ತಜ್ಞರು ಬರೆದುಕೊಟ್ಟ ಕ್ರಮವನ್ನು ಊರಿನ ಒಬ್ಬ ನಂಬಿಗಸ್ತ ವೈದ್ಯರು ಮುಂದುವರಿಸುವಂತೆ ಏರ್ಪಾಡು ಮಾಡಿಕೊಳ್ಳುವುದೇ ನಮಗಿರುವ ಕಾರ್ಯಸಾಧ್ಯ ದಾರಿ. ಇಂತಹ ವೈದ್ಯರು ನಾವು ಅಂದುಕೊಂಡಷ್ಟು ಅಪರೂಪವಲ್ಲ. ಮಾರ್ಗಸೂಚಿಯ ಪ್ರತಿಯನ್ನು ಮುಂದಿಟ್ಟು ಮಾತಾಡಿದರೆ ಆಸಕ್ತಿಯಿಂದ ಓದಿ ಒಪ್ಪಿಕೊಂಡವರನ್ನು ಕಂಡಿದ್ದೇನೆ.

ಬಾಗಲಕೋಟೆಯ ನವನಗರದಲ್ಲಿ ಒಬ್ಬನೇ ಕೋಣೆ ಮಾಡಿಕೊಂಡಿರುವ ನನ್ನ ಗೆಳೆಯ ಇಂಜೆಕ್ಷನ್‌ನಲ್ಲಿಯೇ ಆರಂಭಿಸಿದವನು. ಹೆಮಟೋಕ್ರಿಟ್ ಏರುತ್ತ ಬಂದದ್ದರಿಂದ ವೈದ್ಯರು ಅವನನ್ನು ಈಚೆಗೆ ಜೆಲ್‌ಗೆ ಬದಲಿಸಿದರು. ಎಳೆಯ ಮಕ್ಕಳಿಲ್ಲದ ಕೋಣೆ, ನೆರಳಿನ ಕೆಲಸ. ಅವನಿಗೆ ಅದು ಹೊಂದಿಕೊಂಡಿದೆ. ಒಮ್ಮೆ ಆರಿಸಿಕೊಂಡದ್ದು ಜೀವಮಾನದ ತೀರ್ಮಾನವಲ್ಲವೆಂಬುದಕ್ಕೆ ಅವನೇ ಉದಾಹರಣೆ. ಹೀಗೆ ಬದಲಿಸುವಾಗ ಮುಂದಿನ ಇಂಜೆಕ್ಷನ್ ಬೀಳಬೇಕಾಗಿದ್ದ ಸುಮಾರಿಗೆ ಜೆಲ್ ಆರಂಭಿಸುತ್ತಾರೆ, ಕೆಲವು ವಾರಗಳ ನಂತರ ಟೆಸ್ಟೋಸ್ಟಿರಾನ್ ಮಟ್ಟ ನೋಡಿ ಪ್ರಮಾಣ ಸರಿಪಡಿಸುತ್ತಾರೆ. ಹೆಮಟೋಕ್ರಿಟ್ ಅಷ್ಟು ಬೇಗ ಇಳಿಯುವುದಿಲ್ಲ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನವಾದ್ದರಿಂದ, ಮೊದಲ ತಿಂಗಳ ವರದಿಯಲ್ಲಿ ಅಂಕಿ ಹಾಗೆಯೇ ಇದ್ದರೆ ಜೆಲ್ ಕೆಲಸ ಮಾಡಲಿಲ್ಲವೆಂದು ತಿಳಿಯಬಾರದು. ಆ ನಡುವೆ ತಲೆನೋವು, ಕಣ್ಣು ಮಂಜಾಗುವುದು, ಕಾಲಿನ ಮೀನಖಂಡ ಊದಿ ನೋಯುವುದು, ಎದೆ ಹಿಡಿದಂತಾಗುವುದು ಕಂಡರೆ ಮಾತ್ರ ವರದಿಗಾಗಿ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅವನ ಮೂರು ತಿಂಗಳ ಪರೀಕ್ಷೆ ಮುಂದಿನ ವಾರ ಇದೆ. ವರದಿ ಬಂದ ಮೇಲೆ, ಅವನು ಒಪ್ಪಿದರೆ, ಅದರಲ್ಲಿ ಏನಿತ್ತು ಎಂಬುದನ್ನೂ ಇಲ್ಲಿ ಬರೆಯುತ್ತೇನೆ.